ತೊಗರಿ ಹೊಲಕ್ಕೆ ಮೋಹಕ ಬಲೆ: ಕಟ್ಟುವುದು ಹೇಗೆ, ಎಣಿಸುವುದು ಹೇಗೆ?

ಮಳೆಗಾಲದ ರಾತ್ರಿ ಬದುವಿನ ಹುಲ್ಲಲ್ಲಿ ಮಿಣುಕು ಹುಳು ನೋಡಿರುತ್ತೀರಿ ಅಲ್ವಾ? ಕೆಲವು ಜಾತಿಗಳಲ್ಲಿ ಹೆಣ್ಣಿಗೆ ರೆಕ್ಕೆಯೇ ಇಲ್ಲ. ಕೂತಲ್ಲೇ ಬಾಲ ಬೆಳಗಿಸಿ ಗಂಡನ್ನು ಕರೆಯುತ್ತದೆ.  

ನಮ್ಮ ತೊಗರಿಯ ಕಾಯಿಕೊರಕದ ಹೆಣ್ಣು ಪತಂಗ ಕರೆಯುವುದು ವಾಸನೆಯಿಂದ. ಆ ವಾಸನೆಯನ್ನೇ ತಯಾರಿಸಿ ಸಣ್ಣ ರಬ್ಬರ್ ಬಿರಡೆಗೆ ಸೇರಿಸಿದರೆ ಅದೇ ಲ್ಯೂರ್. ಅದನ್ನು ಬಲೆಯಲ್ಲಿಟ್ಟರೆ ಹೆಣ್ಣೆಂದು ಬಂದ ಗಂಡು ಪತಂಗ ಬಲೆಯ ಚೀಲಕ್ಕೆ ಬೀಳುತ್ತದೆ. ಗೊಬ್ಬರದ ಅಂಗಡಿಯಲ್ಲಿ ಬಲೆಯ ಜೊತೆ ಕೇಳಿ. ತೊಗರಿಗೆ ಈ ಕಾಯಿಕೊರಕದ ಲ್ಯೂರ್, ಅಂದರೆ ಹೆಲಿಲ್ಯೂರ್ ಬೇಕು. ಹತ್ತಿಯ ಗುಲಾಬಿ ಕಾಯಿಕೊರಕದ ಲ್ಯೂರ್ ಹಾಕಿದರೆ ಉಪಯೋಗವಿಲ್ಲ.

ಆಳಂದ, ಸೇಡಂ, ಚಿತ್ತಾಪುರ, ಎಲ್ಲೇ ಇರಲಿ, ಗಿಡ ಮೊಗ್ಗು ಕಟ್ಟುವ ಹೊತ್ತಿಗೆ ಬಲೆ ನಿಲ್ಲಿಸಿರಬೇಕು. ಎಕರೆಗೆ ಎರಡು ಸಾಕು. ಬಿದಿರು ಕೋಲಿಗೆ ಕಟ್ಟಿ, ಬೆಳೆಗಿಂತ ಒಂದು ಅಡಿ ಮೇಲಿರಲಿ. ತೊಗರಿ ಎತ್ತರವಾದಂತೆ ಬಲೆಯನ್ನೂ ಏರಿಸಿ. ಲ್ಯೂರನ್ನು ಬರಿಗೈಲಿ ಮುಟ್ಟಬೇಡಿ. ಬಲೆಯ ಮುಚ್ಚಳದ ಕೆಳಗೆ ಸಿಕ್ಕಿಸಿ, ಪ್ಲಾಸ್ಟಿಕ್ ಚೀಲದ ಕೆಳಬಾಯಿ ದಾರದಿಂದ ಬಿಗಿಯಾಗಿ ಕಟ್ಟಿ. ಮೂರು ನಾಲ್ಕು ವಾರಕ್ಕೆ ಹೊಸ ಲ್ಯೂರ್ ಹಾಕಿ. ಹಳೆಯದನ್ನು ಹೊಲದಲ್ಲೇ ಎಸೆದರೆ ಪತಂಗ ಅದರ ಕಡೆಗೂ ಹೋಗುತ್ತದೆ.

ಇನ್ನು ಮುಖ್ಯ ಕೆಲಸ ಎಣಿಕೆ. ಬೆಳಿಗ್ಗೆ ಚೀಲ ಬಿಚ್ಚಿ ನೋಡಿ. ಕಾಯಿಕೊರಕದ ಗಂಡಿನ ಮುಂದಿನ ರೆಕ್ಕೆ ತುಸು ಹಸಿರು ಬೆರೆತ ಒಣಹುಲ್ಲಿನ ಬಣ್ಣ, ನಡುವೆ ಅವರೆ ಬೀಜದ ಆಕಾರದ ಕಪ್ಪು ಚುಕ್ಕೆ. ಹಿಂದಿನ ರೆಕ್ಕೆ ಬಿಳಿಚು, ಅಂಚಲ್ಲಿ ಅಗಲವಾದ ಕಪ್ಪು ಪಟ್ಟಿ. ಬೇರೆ ಹುಳು ಬಿದ್ದಿದ್ದರೆ ಲೆಕ್ಕಕ್ಕೆ ಹಿಡಿಯಬೇಡಿ. ದಿನದ ಸಂಖ್ಯೆ ಬರೆದಿಟ್ಟು ಚೀಲ ಖಾಲಿ ಮಾಡಿ.

ಬಲೆ ತುಂಬಿತೆಂದು ಬೆಳೆ ಉಳಿಯಿತು ಅಂದುಕೊಳ್ಳಬೇಡಿ. ಸಿಕ್ಕಿದ್ದು ಬರೀ ಗಂಡು. ಹೆಣ್ಣು ಹೊಲದಲ್ಲೇ ಇದೆ, ಮೊಗ್ಗಿನ ಮೇಲೆ ಒಂದೊಂದೇ ಮೊಟ್ಟೆ ಇಡುತ್ತಿದೆ. ಬಲೆ ಇರುವುದು ಸುದ್ದಿ ಹೇಳಲಿಕ್ಕೆ. ಹಾಗಾಗಿ ಬಲೆಯೊಂದಕ್ಕೆ ರಾತ್ರಿಗೆ ಎಂಟು ಹತ್ತು ಪತಂಗ ಸತತವಾಗಿ ಬೀಳತೊಡಗಿದರೆ ಗಿಡಗಳನ್ನೇ ನೋಡಬೇಕು. ಹೊಲದ ಬೇರೆ ಬೇರೆ ಕಡೆ ಕೆಲವು ಗಿಡ ಆರಿಸಿಕೊಳ್ಳಿ. ಗಿಡಕ್ಕೆ 2 ಮೊಟ್ಟೆ ಅಥವಾ 1 ಕೀಡೆ ಕಂಡರೆ ಔಷಧಿಯ ಹೊತ್ತು ಬಂದಿದೆ. ಯಾವುದು, ಎಷ್ಟು ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಸುಮ್ನೆ ಪಕ್ಕದ ಹೊಲದವರನ್ನು ನೋಡಿ ಹೊಡೆಯಬೇಡಿ.

ಕೀಡೆ ಬಲಿತಿದ್ದರೆ ಔಷಧಿಗೆ ಬಗ್ಗುವುದು ಕಷ್ಟ. ಆಗ ಗಿಡದ ಬುಡಕ್ಕೆ ತಾಡಪತ್ರಿ ಹಾಸಿ, ಗಿಡ ಬಗ್ಗಿಸಿ ಮೆಲ್ಲಗೆ ಅಲುಗಾಡಿಸಿ. ಬಿದ್ದ ಕೀಡೆಗಳನ್ನು ಆರಿಸಿ ನಾಶ ಮಾಡಿ. ಔಷಧಿ ಹೊಡೆಯದ ಹೊಲವಾಗಿದ್ದರೆ ಕೋಳಿಗೂ ಹಾಕಬಹುದು.