ಒಂದೇ ಕೋಣೆ, ಐದು ಅಧ್ಯಕ್ಷರು: ಶಾಸ್ತ್ರೋತ್ಸವಕ್ಕೆ ಓವಲ್ ಆಫೀಸಿನ ಮಾದರಿ ಕಟ್ಟುವ ವಿಧಾನ

ಕೇರಳದ ಶಾಲಾ ಮಕ್ಕಳ ವಿಜ್ಞಾನ ಹಬ್ಬವಾದ ಶಾಸ್ತ್ರೋತ್ಸವದಲ್ಲಿ, ಉಪಜಿಲ್ಲಾ ಮಟ್ಟದ ಸಮಾಜ ವಿಜ್ಞಾನ ಮೇಳಕ್ಕೆ ಪಾರ್ಲಿಮೆಂಟು, ಬೇಕಲ ಕೋಟೆ, ಮೊಹೆಂಜೊದಾರೊದ ಸ್ನಾನದ ಕೊಳ ಎಷ್ಟು ಬಂದರೂ ಮುಗಿಯುವುದಿಲ್ಲ. ಬೇರೆ ಏನಾದರೂ ಮಾಡಬೇಕೆಂದಿರುವ ಮಾಷ್, ಟೀಚರ್‌ಗಳಿಗೆ ಇದೊಂದು ದಾರಿ: ಶ್ವೇತಭವನದಲ್ಲಿರುವ ಅಮೆರಿಕದ ಅಧ್ಯಕ್ಷರ ಅಂಡಾಕಾರದ ಕಚೇರಿ ಓವಲ್ ಆಫೀಸ್. ಅಧ್ಯಕ್ಷರು ಬದಲಾದಾಗ ಅಲ್ಲಿ ರಗ್ಗು, ಪರದೆ, ಮೇಜು, ಚಿತ್ರ ಬದಲಾಗುತ್ತವೆ. ಗೋಡೆ, ಕಿಟಕಿ, ಬೆಂಕಿಗೂಡು ಬದಲಾಗುವುದಿಲ್ಲ. ಮಾದರಿಯ ಇಡೀ ಲೆಕ್ಕಾಚಾರ ಇದರ ಮೇಲೆ ನಿಂತಿದೆ. ಅಲ್ಲಿ ಉಳಿದದ್ದನ್ನು ಇಲ್ಲಿ ಅಂಟಿಸಿ, ಅಲ್ಲಿ ಬದಲಾದದ್ದಕ್ಕೆ ಇಲ್ಲಿ ಅಂಟು ಮುಟ್ಟಿಸಬೇಡಿ. ಎಲ್ಲವನ್ನೂ ಅಂಟಿಸಿಬಿಟ್ಟರೆ ಅದು ಒಂದು ಚಂದದ ಬೊಂಬೆಮನೆಯಾಗುತ್ತದೆ, ಅಷ್ಟೆ.

ಸ್ಟಿಲ್ ಮಾಡೆಲ್ಲೋ ವರ್ಕಿಂಗ್ ಮಾಡೆಲ್ಲೋ ಎಂಬುದನ್ನು ಮೊದಲೇ ತೀರ್ಮಾನಿಸಿ. ಸೆಟ್ (ಒಬ್ಬೊಬ್ಬ ಅಧ್ಯಕ್ಷರ ರಗ್ಗು, ಪರದೆ, ಮೇಜು) ಬದಲಿಸಿ ತೋರಿಸುವುದು ಯಾವ ವಿಭಾಗಕ್ಕೆ ಸಲ್ಲುತ್ತದೆ, ಎಷ್ಟು ಉದ್ದಗಲಕ್ಕೆ ಅವಕಾಶವಿದೆ ಎಂಬುದನ್ನು ಮೇಳದ ಆ ವರ್ಷದ ನಿಯಮಪುಸ್ತಕ (ಮ್ಯಾನ್ಯುಯಲ್) ನೋಡಿಯೇ ಹೇಳಬೇಕು.

ಅಳತೆ. ಈಗಿನ ಓವಲ್ ಆಫೀಸ್ ಕಟ್ಟಿದ್ದು 1934ರಲ್ಲಿ, ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಾಲದಲ್ಲಿ. ವಾಸ್ತುಶಿಲ್ಪಿ ಎರಿಕ್ ಗುಗ್ಲರ್. 1909ರ ಮೊದಲ ಓವಲ್ ಆಫೀಸ್ ಬೇರೆ ಜಾಗದಲ್ಲಿತ್ತು, ಎರಡನ್ನೂ ಬೆರೆಸಬೇಡಿ. ಕೋಣೆಯ ಉದ್ದ 35 ಅಡಿ 10 ಇಂಚು, ಅಗಲ 29 ಅಡಿ, ಎತ್ತರ 18 ಅಡಿ 6 ಇಂಚು. 1:20 ಪ್ರಮಾಣದಲ್ಲಿ ಇದು 54.6 × 44.2 ಸೆಂ.ಮೀ., ಎತ್ತರ 28.2 ಸೆಂ.ಮೀ. 1:12 ಹಿಡಿದರೆ ಉದ್ದವೇ 91 ಸೆಂ.ಮೀ. ದಾಟುತ್ತದೆ, ಆಟೋದೊಳಗೆ ಹೋಗುವುದಿಲ್ಲ. 1:20 ಸಾಕು.

ಬೇಕಾದ ಸಾಮಾನು: ತಳಕ್ಕೆ 12 ಮಿ.ಮೀ. ಪ್ಲೈವುಡ್ 70 × 50 ಸೆಂ.ಮೀ.; ಕೋಣೆಯ ನೆಲಕ್ಕೆ 6 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಗೋಡೆಗೆ 3 ಮಿ.ಮೀ. ಸನ್‌ಬೋರ್ಡ್ (ಹಗುರವಾದ ಪಿವಿಸಿ ಹಲಗೆ) 122 × 61 ಸೆಂ.ಮೀ. ಒಂದು ತುಂಡು, ಹಳೆಯ ಫ್ಲೆಕ್ಸ್ ಬ್ಯಾನರ್, 8 ಮಿ.ಮೀ. ಗುಂಡು ಮ್ಯಾಗ್ನೆಟ್ ಇಪ್ಪತ್ತು, ಅಷ್ಟೇ ಕಬ್ಬಿಣದ ವಾಷರ್. ಸೈಕಲ್ ಕಡ್ಡಿ ನಾಲ್ಕು. ರಬ್ಬರ್ ಅಂಟು ಮತ್ತು ಬಿಳಿ ಫೆವಿಕಾಲ್ ಎರಡೂ. ಎರಡೇಕೆಂದರೆ, ಸನ್‌ಬೋರ್ಡಿಗೆ ಫೆವಿಕಾಲ್ ಹಿಡಿಯುವುದಿಲ್ಲ, ಒಣಗಿದ ಮೇಲೆ ಸಿಪ್ಪೆಯಂತೆ ಎದ್ದು ಬರುತ್ತದೆ. ರಬ್ಬರ್ ಅಂಟು ತಾಗಿದರೆ ಥರ್ಮಾಕೋಲ್ ಕರಗಿ ಹೊಂಡ ಬೀಳುತ್ತದೆ. ಗೋಡೆಗೆ ರಬ್ಬರ್ ಅಂಟು, ಥರ್ಮಾಕೋಲಿನ ಸೋಫಾಗಳಿಗೆ ಫೆವಿಕಾಲ್ ಎಂದು ಡಬ್ಬಿಯ ಮೇಲೇ ಬರೆದಿಡಿ.

ನೆಲದ ಆಕಾರ ಬರೆಯುವುದು ಕಷ್ಟವಲ್ಲ, ಆದರೆ ಹೆಚ್ಚಿನವರು ಕಣ್ಣಂದಾಜಿಗೆ ಬರೆದು ಕೆಡಿಸುತ್ತಾರೆ. ಎಂಡಿಎಫ್ ಮೇಲೆ ಉದ್ದಕ್ಕೊಂದು ಗೆರೆ, ನಡುವೆ ಅಡ್ಡಕ್ಕೊಂದು ಗೆರೆ ಎಳೆಯಿರಿ. ನಡುಬಿಂದುವಿನಿಂದ ಉದ್ದ ಗೆರೆಯ ಮೇಲೆ ಎರಡೂ ಕಡೆ 16 ಸೆಂ.ಮೀ. ದೂರಕ್ಕೆ ಒಂದೊಂದು ಮೊಳೆ. ಎರಡು ಮೊಳೆಗಳಿಗೂ ತುದಿ ಕಟ್ಟಿದ ಹುರಿಯ ಉದ್ದ, ಗಂಟು ಬಿಟ್ಟು, ಸರಿಯಾಗಿ 54.6 ಸೆಂ.ಮೀ. ಇರಬೇಕು. ಪೆನ್ಸಿಲಿನಿಂದ ಹುರಿಯನ್ನು ಬಿಗಿಹಿಡಿದು ಸುತ್ತು ಬಂದರೆ 54.6 × 44.2 ತಾನಾಗಿ ಬರುತ್ತದೆ. ಹತ್ತಿಯ ಹುರಿ ಎಳೆದಂತೆ ಹಿಗ್ಗುತ್ತದೆ. ಮೀನಿನ ಗಾಳದ ದಾರ ಒಳ್ಳೆಯದು.

ರಗ್ಗಿಗೆ ಇದೇ ಮೊಳೆಗಳನ್ನು ಬಳಸಬೇಡಿ. ರಗ್ಗು 46 × 35 ಸೆಂ.ಮೀ. ಇದ್ದರೆ ಗೋಡೆಯ ಸುತ್ತ ನಾಲ್ಕು, ನಾಲ್ಕೂವರೆ ಸೆಂ.ಮೀ. ಮರದ ನೆಲ ಒಂದೇ ಸಮನಾಗಿ ಕಾಣುತ್ತದೆ. ಅದಕ್ಕೆ ಮೊಳೆ ನಡುವಿನಿಂದ 14.9 ಸೆಂ.ಮೀ., ಹುರಿ 46 ಸೆಂ.ಮೀ. ಹಳೆಯ 16ರ ಮೊಳೆಯಲ್ಲೇ ಹುರಿ ಮಾತ್ರ ಗಿಡ್ಡ ಮಾಡಿದರೆ ಅಗಲ 33ಕ್ಕೆ ಇಳಿದು, ಬದಿಗಳಲ್ಲಿ ನೆಲ ಹೆಚ್ಚು ಕಾಣುತ್ತದೆ.

ಗೋಡೆಯನ್ನು ನೆಲದ ತುಂಡಿನ ಅಂಚಿಗೆ ಹೊರಗಿನಿಂದ ಸುತ್ತಿ ಅಂಟಿಸಬೇಕು, ಮೇಲೆ ನಿಲ್ಲಿಸಬಾರದು. ಆಗ ಆಕಾರ ತಪ್ಪುವ ಪ್ರಶ್ನೆಯೇ ಇಲ್ಲ. ಇಡೀ ಸುತ್ತಳತೆ ಸುಮಾರು 156 ಸೆಂ.ಮೀ. ಅದರಲ್ಲಿ ನೋಡುವುದಕ್ಕೂ ಸೆಟ್ ಬದಲಿಸುವುದಕ್ಕೂ ಪಶ್ಚಿಮದ ಕಡೆ 58 ಸೆಂ.ಮೀ. ಬಾಯಿ ಬಿಟ್ಟು, ಉಳಿದ 98 ಸೆಂ.ಮೀ.ಗೆ ಗೋಡೆ. 50 ಬಿಟ್ಟರೆ ಸಾಕೆಂದು ಕಾಣುತ್ತದೆ, ಆದರೆ ಬಾಯಿಯ ನೇರ ಅಳತೆ 45ರಷ್ಟೇ ಬಂದು 46ರ ರಗ್ಗು ಸಿಕ್ಕಿಕೊಳ್ಳುತ್ತದೆ. ಪಟ್ಟಿಯ ಎತ್ತರ 28.8 ಸೆಂ.ಮೀ. (ನೆಲದ ದಪ್ಪ 6 ಮಿ.ಮೀ. ಸೇರಿಸಿ).

ಸನ್‌ಬೋರ್ಡ್ ಸುಮ್ಮನೆ ಬಗ್ಗುವುದಿಲ್ಲ. ಹೊರಮೈಯಲ್ಲಿ ಮೇಲಿಂದ ಕೆಳಕ್ಕೆ ಕಟ್ಟರಿನಿಂದ ಅರ್ಧ ದಪ್ಪಕ್ಕೆ ಗೀರಿ: ಬದಿಗಳಲ್ಲಿ 2 ಸೆಂ.ಮೀ.ಗೊಂದು, ಉತ್ತರ ದಕ್ಷಿಣದ ತುದಿಗಳಲ್ಲಿ ತಿರುವು ಹೆಚ್ಚಾದ್ದರಿಂದ 1 ಸೆಂ.ಮೀ.ಗೊಂದು. ಒಳಮೈಗೆ ಗೀರಿದರೆ ಗೆರೆಗಳೆಲ್ಲ ಕೋಣೆಯೊಳಗೆ ಕಾಣುತ್ತವೆ. ದಕ್ಷಿಣ ತುದಿಯಲ್ಲಿ ಮೂರು ದೊಡ್ಡ ಕಿಟಕಿಗಳು ಬರಬೇಕು, ಅಧ್ಯಕ್ಷರ ಮೇಜಿನ ಬೆನ್ನಿಗೆ. ಗೋಡೆ ಒಡೆಯುವುದು ಯಾವಾಗಲೂ ಇಲ್ಲೇ: ಕಿಟಕಿ ಕತ್ತರಿಸಿ ಉಳಿದ ಮೇಲಿನ ಕಿರಿದಾದ ಪಟ್ಟಿ ತಿರುವಿನ ಬಲಕ್ಕೆ ಸೀಳುತ್ತದೆ. ಕಿಟಕಿ ಕತ್ತರಿಸುವ ಮೊದಲೇ ಅದರ ಮೇಲ್ಭಾಗದಲ್ಲಿ, ಹೊರಗಿನಿಂದ, ಬಗ್ಗಿಸಿದ ಸೈಕಲ್ ಕಡ್ಡಿಯೊಂದನ್ನು ಅಂಟಿಸಿ. ಗೋಡೆಯ ಮೇಲಂಚಿಗೆ ಒಳಗಿನಿಂದ ಒಂದೂವರೆ ಸೆಂ.ಮೀ. ಅಗಲದ ಬಳೆ ಕೂರಿಸಿದರೆ ಕಾರ್ನಿಸೂ (ಗೋಡೆಯ ಮೇಲಂಚಿನ ಅಲಂಕಾರದ ಪಟ್ಟಿ) ಆಯಿತು, ಗೋಡೆ ಹೊರಕ್ಕೆ ವಾಲುವುದೂ ನಿಂತಿತು.

ಬೆಂಕಿಗೂಡು ಉತ್ತರದ ತುದಿಯಲ್ಲಿ. ಬಾಗಿಲು ನಾಲ್ಕು. ಪೂರ್ವದ್ದು ರೋಸ್ ಗಾರ್ಡನ್ನಿಗೆ, ಈಶಾನ್ಯದ್ದು ಕಾರ್ಯದರ್ಶಿಯ ಕೋಣೆಗೆ, ಪಶ್ಚಿಮದ್ದು ಖಾಸಗಿ ಕೋಣೆಗೆ, ವಾಯವ್ಯದ್ದು ಒಳಗಿನ ಓಣಿಗೆ. ಕೊನೆಯ ಎರಡು ನಾವು ಬಿಟ್ಟ ಬಾಯಲ್ಲಿ ಹೋಗುತ್ತವೆ; ನೆಲದಂಚಿನಲ್ಲಿ ಕೆಂಪು ಗೆರೆ ಎಳೆದು ‘ಇಲ್ಲಿ ಬಾಗಿಲು’ ಎಂದು ಬರೆಯಿರಿ. ನೆಲಕ್ಕೆ ಓಕ್ ಮತ್ತು ವಾಲ್ನಟ್ ಬಣ್ಣದ ಮರದ ಹೆಣಿಗೆ ಪ್ರಿಂಟ್ ಮಾಡಿಸಿ ಅಂಟಿಸಿದರೆ ಸಾಕು. ಮೊದಲು ಅಲ್ಲಿದ್ದದ್ದು ಕಾರ್ಕ್ ನೆಲ, ಐಸೆನ್‌ಹೋವರ್ ಗಾಲ್ಫ್ ಬೂಟಿನ ಮುಳ್ಳುಗಳಿಂದ ಅದನ್ನು ತೂತು ತೂತು ಮಾಡಿದ್ದರು. ಮಕ್ಕಳು ಇದನ್ನು ಹೇಳಿದರೆ ತೀರ್ಪುಗಾರರು ನಗುತ್ತಾರೆ, ನಕ್ಕವರು ಮುಂದಿನದನ್ನೂ ಕೇಳಿಸಿಕೊಳ್ಳುತ್ತಾರೆ.

ಇನ್ನು ಸೆಟ್‌ಗಳು. ಹತ್ತು ಅಧ್ಯಕ್ಷರನ್ನು ಹಿಡಿಯಲು ಹೋಗಬೇಡಿ. ಐದು ಕಾಲ, ನಾಲ್ಕು ರಗ್ಗು, ಎರಡು ಮೇಜು ಸಾಕು.

1961, ಕೆನಡಿ: ಟ್ರೂಮನ್ ಕಾಲದಿಂದ ಬಂದ ಹಸಿರು ಮಿಶ್ರಿತ ಬೂದು ರಗ್ಗು, ರೆಸಲ್ಯೂಟ್ ಮೇಜು (ಮೇಜುಗಳ ಕತೆ ಮುಂದಿದೆ), ತೂಗುಕುರ್ಚಿ. 1969, ನಿಕ್ಸನ್: ಕಡುನೀಲಿ ರಗ್ಗಿನ ಮೇಲೆ ಚಿನ್ನದ ಬಣ್ಣದ ನಕ್ಷತ್ರಗಳು, ಚಿನ್ನದ ಬಣ್ಣದ ಪರದೆ, ವಿಲ್ಸನ್ ಮೇಜು. 1993, ಕ್ಲಿಂಟನ್: ಕಡುನೀಲಿ ರಗ್ಗಿನ ನಡುವೆ ಅಧ್ಯಕ್ಷರ ಅಧಿಕೃತ ಮುದ್ರೆ, ಚಿನ್ನದ ಬಣ್ಣದ ಪರದೆ, ಕೆಂಪು ಮತ್ತು ಕೆನೆ ಬಣ್ಣದ ಪಟ್ಟೆಯ ಸೋಫಾ, ಮತ್ತೆ ರೆಸಲ್ಯೂಟ್. 2010, ಒಬಾಮ: ಕೆನೆ ಬಣ್ಣದ ರಗ್ಗು, ಅಂಚಿನಲ್ಲಿ ನಾಲ್ವರು ಅಧ್ಯಕ್ಷರ ಮತ್ತು ಮಾರ್ಟಿನ್ ಲೂಥರ್ ಕಿಂಗರ ಮಾತುಗಳು. 2021, ಬೈಡನ್: ಹೊಸ ರಗ್ಗು ಬೇಡ, ಕ್ಲಿಂಟನ್ನರ ನೀಲಿ ರಗ್ಗನ್ನೇ ಉಗ್ರಾಣದಿಂದ ತಂದು ಹಾಸಿದರು, ಬೆಂಕಿಗೂಡಿನ ಮೇಲೆ ವಾಷಿಂಗ್ಟನ್ ಬದಲು ಫ್ರಾಂಕ್ಲಿನ್ ರೂಸ್‌ವೆಲ್ಟ್ ಚಿತ್ರ, ಮೇಜಿನ ಹಿಂದೆ ಕಾರ್ಮಿಕ ನಾಯಕ ಸೀಸರ್ ಚಾವೆಸ್‌ರ ಎದೆಮಟ್ಟದ ಮೂರ್ತಿ. ಮಾದರಿಯ ತಳಕ್ಕೆ ನಾಲ್ಕು ಸೆಂ.ಮೀ. ಎತ್ತರದ ಡ್ರಾಯರ್ ಮಾಡಿ ರಗ್ಗುಗಳನ್ನೆಲ್ಲ ಅದರಲ್ಲಿಟ್ಟು, ಬೈಡನ್ ಸರದಿಯಲ್ಲಿ ಹಳೆಯ ರಗ್ಗನ್ನು ಅದರಿಂದಲೇ ಹೊರತೆಗೆಯಿರಿ. ಮಾತಿನಲ್ಲಿ ವಿವರಿಸುವುದಕ್ಕಿಂತ ಇದು ಗಟ್ಟಿಯಾಗಿ ತಲುಪುತ್ತದೆ.

ರಗ್ಗನ್ನು ಚಾರ್ಟ್ ಪೇಪರಿಗೆ ಅಂಟಿಸುವುದು ಇಲ್ಲಿನ ಹವೆಗೆ ಹೇಳಿದ್ದಲ್ಲ. ಮೇಳ ಬರುವುದು ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಆಸುಪಾಸಿನಲ್ಲಿ. ಸಂಜೆಯ ಗುಡುಗು ಮಳೆಗೆ ಕಾಗದ ತೇವ ಹೀರಿ ಮರುದಿನ ಬೆಳಗ್ಗೆ ದೋಣಿಯಾಗಿರುತ್ತದೆ. ಬಟ್ಟೆಯನ್ನು ಹಳೆಯ ಫ್ಲೆಕ್ಸಿನ ಹಿಂಬದಿಗೆ ರಬ್ಬರ್ ಅಂಟಿನಲ್ಲಿ ತೆಳುವಾಗಿ ಅಂಟಿಸಿ, ಪುಸ್ತಕದ ಭಾರ ಹೇರಿ ಒಂದು ರಾತ್ರಿ ಇಡಿ.

ಮುದ್ರೆಯ ಹದ್ದಿನ ವಿಷಯದಲ್ಲಿ ಎಚ್ಚರ. 1945ರಲ್ಲಿ ಟ್ರೂಮನ್ ಮುದ್ರೆಯನ್ನು ಬದಲಿಸಿದ ಮೇಲೆ ಹದ್ದು ಆಲಿವ್ ಕೊಂಬೆಯ ಕಡೆ, ಅಂದರೆ ನೋಡುವವರ ಎಡಕ್ಕೆ ಮುಖ ಮಾಡಿದೆ. ಓವಲ್ ಆಫೀಸಿನ ಮಾಡಿನಲ್ಲಿ (ಚಾವಣಿಯಲ್ಲಿ) ಗಾರೆಯಿಂದ ಮೂಡಿಸಿದ ಮುದ್ರೆ 1934ರದ್ದು. ಅದರಲ್ಲಿ ಹದ್ದು ಇಂದಿಗೂ ಬಾಣಗಳ ಕಡೆಗೇ, ನೋಡುವವರ ಬಲಕ್ಕೆ ತಿರುಗಿದೆ. ಒಂದೇ ಕೋಣೆಯಲ್ಲಿ ಮೇಲೊಂದು ಕೆಳಗೊಂದು! ಮಾಡನ್ನು ತೆಗೆಯಲು ಬರುವ ಮುಚ್ಚಳವಾಗಿ ಮಾಡಿ, ಮಗು ಅದನ್ನು ಮಗುಚಿ ತೋರಿಸಲಿ. ಬಟ್ಟೆಗೆ ಇಸ್ತ್ರಿ ಶಾಖದಲ್ಲಿ ಚಿತ್ರ ಇಳಿಸುವಾಗ ಕನ್ನಡಿಯಂತೆ ತಿರುಗಿಸಿದ ಪ್ರಿಂಟ್ ಬೇಕು. ಡಿಟಿಪಿ ಅಂಗಡಿಯಲ್ಲಿ ಹೇಳದಿದ್ದರೆ ನೇರ ಪ್ರಿಂಟ್ ಕೊಡುತ್ತಾರೆ, ಬಟ್ಟೆಯ ಮೇಲೆ ಹದ್ದು ಉಲ್ಟಾ ನೋಡುತ್ತದೆ, ಅಕ್ಷರಗಳೂ ತಿರುಗುತ್ತವೆ.

ಪರದೆಗೆ ದಪ್ಪ ಹತ್ತಿ ಬಟ್ಟೆ ಬೇಡ, 1:20ರಲ್ಲಿ ಅದು ಗೋಣಿಯಂತೆ ನಿಲ್ಲುತ್ತದೆ. ಹಳೆಯ ರೇಷ್ಮೆ ರವಿಕೆಯ ತುಂಡು ಸಾಕು. ಫೆವಿಕಾಲಿಗೆ ಎರಡು ಪಾಲು ನೀರು ಬೆರೆಸಿ ಅದ್ದಿ, ನೆರಿಗೆ ಹಿಡಿದು ಒಣಗಿಸಿ, ಕಡ್ಡಿಗೆ ಪೋಣಿಸಿ. ಕಡ್ಡಿಯ ಎರಡು ತುದಿಗೆ ಮ್ಯಾಗ್ನೆಟ್, ಗೋಡೆಯ ಹೊರಮೈಗೆ ವಾಷರ್. ಚಿತ್ರಗಳಿಗೂ ಇದೇ ವಿಧಾನ. ಮ್ಯಾಗ್ನೆಟ್ ಅನ್ನು ಗೋಡೆಗೂ ವಾಷರನ್ನು ಚಿತ್ರಕ್ಕೂ ಅಂಟಿಸಿದರೆ ಡ್ರಾಯರಿನಲ್ಲಿ ಅವು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಆದರೆ ಗೋಡೆಯ ಹೊರಗೆ ಉಬ್ಬು ಕಾಣುತ್ತದೆ. ಯಾವುದು ಸಹ್ಯವೋ ಅದನ್ನು ಆರಿಸಿಕೊಳ್ಳಿ.

ರೆಸಲ್ಯೂಟ್ ಮೇಜು ಮಾದರಿಯಲ್ಲಿ 9.1 × 6.1 ಸೆಂ.ಮೀ., ಎತ್ತರ 4.1. ಬ್ರಿಟಿಷ್ ಹಡಗು ರೆಸಲ್ಯೂಟ್‌ನ ಮರದಿಂದ ಮಾಡಿಸಿ 1880ರಲ್ಲಿ ವಿಕ್ಟೋರಿಯಾ ರಾಣಿ ಅಧ್ಯಕ್ಷ ಹೇಯ್ಸ್‌ಗೆ ಕಳಿಸಿದ್ದು ಅದು. ಎದುರಿನ ತೆರೆದ ಭಾಗಕ್ಕೆ ಮುದ್ರೆಯ ಹಲಗೆ ಹಾಕಲು ಹೇಳಿದವರು ಫ್ರಾಂಕ್ಲಿನ್ ರೂಸ್‌ವೆಲ್ಟ್, ಪೋಲಿಯೊದಿಂದಾಗಿ ಕಾಲಿಗೆ ಕಟ್ಟಿಕೊಳ್ಳುತ್ತಿದ್ದ ಆಧಾರದ ಪಟ್ಟಿಗಳು ಕಾಣದಿರಲಿ ಎಂದು. ಹಲಗೆ ಬರುವ ಹೊತ್ತಿಗೆ ಅವರೇ ಇರಲಿಲ್ಲ. ಓವಲ್ ಆಫೀಸಿಗೆ ಮೇಜು ಬಂದದ್ದು 1961ರಲ್ಲಿ. ಕೆನಡಿಯ ನಂತರ ಹೊರಗೆ ಹೋಗಿ 1977ರಲ್ಲಿ ಕಾರ್ಟರ್ ಕಾಲಕ್ಕೆ ಮರಳಿತು. ನಿಕ್ಸನ್ ಸೆಟ್ಟಿನಲ್ಲಿ ಅದು ಕಂಡರೆ ಅಂಕ ಹೋಯಿತೆಂದೇ ಲೆಕ್ಕ. ವಿಲ್ಸನ್ ಮೇಜಿನ ಚೀಟಿಯಲ್ಲಿ ‘ವುಡ್ರೋ ವಿಲ್ಸನ್ ಬಳಸಿದ್ದು’ ಎಂದು ಬರೆಯಬೇಡಿ. ನಿಕ್ಸನ್ ಹಾಗೆ ನಂಬಿದ್ದರು, ಅದು ತಪ್ಪೆಂದು ಆಮೇಲೆ ಗೊತ್ತಾಯಿತು.

ಬಾವುಟಗಳು ಮೇಜಿನ ಹಿಂದೆ. ರಾಷ್ಟ್ರಧ್ವಜ ಕುಳಿತವರ ಬಲಕ್ಕೆ, ಅಧ್ಯಕ್ಷರ ಧ್ವಜ ಎಡಕ್ಕೆ. ನಾವು ಪಶ್ಚಿಮದಿಂದ ನೋಡುವುದರಿಂದ ಮಕ್ಕಳಿಗೆ ಇದು ಗೊಂದಲ. ಕುರ್ಚಿಯ ಜಾಗದಲ್ಲಿ ಬೆರಳಿಟ್ಟು ಹೇಳಿಕೊಡಿ.

ತೀರ್ಪುಗಾರರು ಕೇಳುವ ಪ್ರಶ್ನೆಗಳಲ್ಲಿ ಒಂದು ಖಚಿತ: ಹಳೆಯ ಸಾಮಾನು ಯಾರದ್ದು, ಅಧ್ಯಕ್ಷರು ಮನೆಗೆ ಒಯ್ಯಬಹುದೇ? 1961ರ ಕಾನೂನಿನಂತೆ ಶ್ವೇತಭವನದ ಐತಿಹಾಸಿಕ ಪೀಠೋಪಕರಣ ಭವನದ ಸೊತ್ತು. ಬಳಕೆಯಲ್ಲಿಲ್ಲದಾಗ ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳನ್ನು ನಡೆಸುವ ಸ್ಮಿತ್‌ಸೋನಿಯನ್ ಸಂಸ್ಥೆಯ ವಶಕ್ಕೆ ಹೋಗುತ್ತದೆ. ಎರಡನೆಯದು: ನಮ್ಮ ದೇಶದಲ್ಲಿ? ಇದಕ್ಕೆ ಪಕ್ಕದಲ್ಲಿ 60 × 40 ಸೆಂ.ಮೀ.ನ ಒಂದು ಬೋರ್ಡ್ ಇಡಿ. ರಾಜಾಜಿ 1948ರಲ್ಲಿ ಗವರ್ನರ್ ಜನರಲ್ ಆದಾಗ ಈಗಿನ ರಾಷ್ಟ್ರಪತಿ ಭವನದಲ್ಲಿ ವೈಸರಾಯರ ವಿಶಾಲ ಭಾಗವನ್ನು ಬಿಟ್ಟು ಅತಿಥಿಗಳ ಭಾಗದಲ್ಲಿ ವಾಸ ಆರಿಸಿಕೊಂಡರು. ಅದೇ ಭವನದ ದರ್ಬಾರ್ ಹಾಲಿನಲ್ಲಿ ಸಿಂಹಾಸನಗಳಿದ್ದ ಕಡೆ ಈಗ ರಾಷ್ಟ್ರಪತಿಗಳ ಕುರ್ಚಿ, ಹಿಂದೆ ಗುಪ್ತರ ಕಾಲದ ಬುದ್ಧ. 2024ರ ಜುಲೈಯಲ್ಲಿ ಆ ಹಾಲಿನ ಹೆಸರು ಗಣತಂತ್ರ ಮಂಟಪ ಎಂದಾಯಿತು. 1971ರ ಢಾಕಾ ಶರಣಾಗತಿಯ ಚಿತ್ರವನ್ನು 2024ರ ಡಿಸೆಂಬರಿನಲ್ಲಿ ಭೂಸೇನಾ ಮುಖ್ಯಸ್ಥರ ಕಚೇರಿಯಿಂದ ದೆಹಲಿಯ ಮಾಣೆಕ್‌ಶಾ ಸೆಂಟರಿಗೆ ಸಾಗಿಸಿದ್ದು ದೊಡ್ಡ ಚರ್ಚೆಯಾಗಿತ್ತು. ಮೂರೇ ಸಾಕು, ಬೋರ್ಡನ್ನು ತುಂಬಬೇಡಿ.

ಚೀಟಿಗಳನ್ನು ಕನ್ನಡ ಮತ್ತು ಮಲಯಾಳ ಎರಡರಲ್ಲೂ ಬರೆಯಿಸಿ. ಜಿಲ್ಲಾ ಮಟ್ಟದಲ್ಲಿ ತೀರ್ಪುಗಾರರಿಗೆ ಕನ್ನಡ ಗೊತ್ತಿರಲೇಬೇಕೆಂದಿಲ್ಲ. ಒಬ್ಬ ಮಗು ಮೊದಲ ನಾಲ್ಕು ವಾಕ್ಯ ಮಲಯಾಳದಲ್ಲಿ ಹೇಳಲು ಕಲಿತಿರಲಿ, ಇನ್ನೊಬ್ಬರ ಕೈ ಸೆಟ್ ಬದಲಿಸುತ್ತಿರಲಿ. ಬದಲಿಸುವ ಕ್ರಮ ಹೀಗೆ: ಮೊದಲು ಮೇಜು ಮತ್ತು ಸೋಫಾ ಹೊರಗೆ, ಆಮೇಲೆ ರಗ್ಗು, ಕೊನೆಗೆ ಪರದೆ. ಪರದೆಗೆ ಮೊದಲು ಕೈಹಾಕಿದರೆ ಮೇಜಿನ ಹಿಂದಿನ ಬಾವುಟಗಳು ಬೀಳುತ್ತವೆ. ಎರಡು ನಿಮಿಷದೊಳಗೆ ಒಂದು ಸೆಟ್ ಮುಗಿಯುವಷ್ಟು ಅಭ್ಯಾಸ ಬೇಕು.

ಸಾಗಿಸುವಾಗ ಮುಚ್ಚಳ ಬೇರೆ, ಪೀಠೋಪಕರಣ ಬೇರೆ ಡಬ್ಬಿಯಲ್ಲಿ. ಗೋಡೆಯ ಬಾಯಿಗೆ 49 ಸೆಂ.ಮೀ.ನ ಒಂದು ರೀಪಿನ ತುಂಡನ್ನು ಅಡ್ಡ ಕೊಟ್ಟು ಟೇಪು ಸುತ್ತಿ. ಇಲ್ಲದಿದ್ದರೆ ಹೊಂಡದ ರಸ್ತೆಯ ಕುಲುಕಾಟಕ್ಕೆ ಎರಡೂ ತುದಿಗಳು ಅಗಲವಾಗಿ ಕಾರ್ನಿಸು ಬಿರಿಯುತ್ತದೆ. ಇಡೀ ಮಾದರಿಯ ಮೇಲೆ ದೊಡ್ಡ ಪ್ಲಾಸ್ಟಿಕ್ ಚೀಲ ಮುಚ್ಚಿ, ಚೀಲದ ಬಾಯಿಯನ್ನು ಕೆಳಗಿನಿಂದ ಕಟ್ಟಿ. ರಬ್ಬರ್ ಅಂಟು, ಕಟ್ಟರ್, ನಾಲ್ಕು ಮ್ಯಾಗ್ನೆಟ್, ಒಂದು ತುಂಡು ಸನ್‌ಬೋರ್ಡ್ ಮಾಷ್ ಕೈಯಲ್ಲಿರಲಿ.