ಬೇಲಿ ಕಿತ್ತರೂ ಕಣ ಹೊರಗೆ ಬರಲಿಲ್ಲ

ಇಲಿಯ ಮೇದೋಜೀರಕ ಗ್ರಂಥಿಯಿಂದ ಕೋಶಗಳನ್ನು ಬಿಡಿಸಲು ಕೈ ಹಗುರವಿರಬೇಕು. ಗ್ರಂಥಿಗೆ, ಕೋಶಗಳ ನಡುವಿನ ಅಂಟನ್ನು ಕರಗಿಸುವ ಕಿಣ್ವ ಕೊಲಾಜಿನೇಸ್‌ನ ದ್ರಾವಣ ಚುಚ್ಚಿ, 37 ಡಿಗ್ರಿಯಲ್ಲಿ ಅಲುಗಾಡಿಸಿ, ಆಮೇಲೆ ಪಿಪೆಟ್‌ನಲ್ಲಿ ಎಳೆದು ಬಿಡಬೇಕು. ಮೊದಲ ತಿಂಗಳು ನಾನು ಅದನ್ನು ಕಡೆಗೋಲಿನಂತೆ ಆಡಿಸಿದೆ. ದ್ರಾಕ್ಷಿ ಗೊಂಚಲಿನಂಥ ಗುಂಪುಗಳು ಕಾಣಬೇಕಾದಲ್ಲಿ ಸತ್ತ ಕೋಶಕ್ಕೆ ಮಾತ್ರ ಹತ್ತುವ ಟ್ರೈಪಾನ್ ನೀಲಿ ಬಣ್ಣ ಕುಡಿದ ಒಂಟಿ ಕೋಶಗಳು ಕಂಡವು. ಅಗಲ ತುದಿಯ ಪಿಪೆಟ್ ಹಿಡಿದು, ಗ್ರಂಥಿಯದೇ ಜೀರ್ಣಕಿಣ್ವ ಟ್ರಿಪ್ಸಿನ್ ಅನ್ನು ತಡೆಯುವ ಸೋಯಾ ನಿರೋಧಕವನ್ನು ದ್ರಾವಣಕ್ಕೆ ಬೆರೆಸಿದ ಮೇಲೆಯೇ ಗೊಂಚಲು ಗೊಂಚಲಾಗಿ ಉಳಿದದ್ದು. ತನ್ನನ್ನೇ ಜೀರ್ಣಿಸಿಕೊಳ್ಳಲು ಹೊರಡುವ ಅಂಗ ಇದು!

ಕೋಶದ ಮೇಲ್ತುದಿಯಲ್ಲಿ, ರಸ ಸುರಿಯುವ ಕಡೆ, ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ದಟ್ಟ ಜಾಲವಿದೆ. ಪಿಷ್ಟ ಜೀರ್ಣಿಸುವ ಕಿಣ್ವ ಅಮೈಲೇಸ್ ತುಂಬಿದ ಕಣಗಳು ಅದರ ಹಿಂದೆ ಕಾದಿರುತ್ತವೆ. ಜಾಲವೇ ಬೇಲಿಯಾದರೆ, ಕಿತ್ತಾಗ ಸ್ರಾವ ಹೆಚ್ಚಬೇಕಲ್ಲವೇ? ಹಾಗೆಂದೇ ನಾನು ಎಣಿಸಿದ್ದೆ.

ಲ್ಯಾಟ್ರಂಕ್ಯುಲಿನ್ ಹಾಕಿದೆ. ಕೆಂಪು ಸಮುದ್ರದ ಸ್ಪಂಜಿನಲ್ಲಿ ಮೊದಲು ಸಿಕ್ಕ ವಿಷ. ಬಿಡಿ ಆಕ್ಟಿನ್ ಅಣುಗಳನ್ನು ಹಿಡಿದಿಟ್ಟು ಎಳೆ ಕಟ್ಟಲು ಬಿಡುವುದಿಲ್ಲ. ಅರ್ಧ ಗಂಟೆಯ ನಂತರ ಸ್ರಾವಕ್ಕೆ ಚಾಲನೆ ಕೊಡುವ ಹಾರ್ಮೋನು ಕೊಲೆಸಿಸ್ಟೊಕಿನಿನ್ ಅನ್ನು 100 ಪಿಕೊಮೋಲಾರ್ ಕೊಟ್ಟೆ. ಇನ್ನರ್ಧ ಗಂಟೆ ಬಿಟ್ಟು, ಬಣ್ಣ ಕಟ್ಟಿದ ಪಿಷ್ಟದ ಗುಳಿಗೆಯಿಂದ ಅಮೈಲೇಸ್ ಅಳೆದೆ. ಕಿಣ್ವ ಇದ್ದಷ್ಟೂ ನೀಲಿ ಗಾಢವಾಗುತ್ತದೆ. ವಿಷವಿಲ್ಲದ ನಳಿಗೆ ಶಾಯಿಯಂತಾಯಿತು, ವಿಷ ಹಾಕಿದ್ದು ತೆಳ್ಳಗೇ ಉಳಿಯಿತು. ಹಾರ್ಮೋನು ಹಳತಾಗಿದೆ ಎಂದು ಬೈದುಕೊಂಡು ಮತ್ತೆ ಮೂರು ಸಲ ಮಾಡಿದೆ. ಅದೇ ಫಲ.

ದಾರಿ ತೋರಿಸಿದ್ದು 1995ರಲ್ಲಿ ಮುಆಲೆಮ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧ. ಪೊರೆಗೆ ತೂತು ಮಾಡಿದ ಇದೇ ಕೋಶಗಳಲ್ಲಿ ಆಕ್ಟಿನ್ ಹದವಾಗಿ ಬಿಚ್ಚಿಕೊಂಡರೆ ಅಷ್ಟರಿಂದಲೇ ಸ್ರಾವ ಶುರುವಾಗುತ್ತದೆ. ತೀರಾ ಬಿಚ್ಚಿದರೆ ನಿಂತೇ ಹೋಗುತ್ತದೆ. ಮಲೆನಾಡಿನ ತೋಟದ ಉಣುಗೋಲು ನೆನಪಾಯಿತು: ದಾಟಲು ಒಂದು ಗಳ ಸರಿಸಿದರೆ ಸಾಕು, ನಾನು ಬೇಲಿಯನ್ನೇ ಬುಡಸಮೇತ ಕಿತ್ತಿದ್ದೆ. ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ, ಏಕೆಂದರೆ ಪೊರೆಗೆ ಬೆರೆತ ಕಣದ ಸುತ್ತ ಆಕ್ಟಿನ್ ಹೊಸದಾಗಿ ಹೊದಿಕೆಯನ್ನೂ ಕಟ್ಟುತ್ತದೆ. ಯಾವ ಬೇಲಿ ಹಾಗೆ ಮಾಡೀತು? ವಿಷದ ಪ್ರಮಾಣವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದಂತೆ ನನ್ನ ನಳಿಗೆಗಳಿಗೂ ನೀಲಿ ಮರಳಿತು.

ಅತಿ ಹೆಚ್ಚು ಹೊತ್ತು ನಾನು ಕುಳಿತದ್ದು ಮಾತ್ರ ಫ್ಯಾಲಾಯ್ಡಿನ್ ಬಣ್ಣ ಕಟ್ಟಿದ ಸ್ಲೈಡುಗಳ ಮುಂದೆ. ಇದೂ ವಿಷವೇ, ಅಣಬೆಯದು. ಎಳೆಯಾಗಿರುವ ಆಕ್ಟಿನ್‌ಗೆ ಮಾತ್ರ ಅಂಟುತ್ತದೆ. 100 ಪಿಕೊಮೋಲಾರ್ ಹಾರ್ಮೋನು ಕೊಟ್ಟ ಗೊಂಚಲುಗಳ ನಡುವೆ ರಸದ ಕಾಲುವೆಗಳು ಜರಿಯ ಎಳೆಯಂತೆ ಹೊಳೆಯುತ್ತಿದ್ದವು. ಪಕ್ಕದ ಸ್ಲೈಡಿನಲ್ಲಿ ಹಾರ್ಮೋನು ನೂರು ಪಟ್ಟು, ಅಂದರೆ 10 ನ್ಯಾನೊಮೋಲಾರ್. ಲ್ಯಾಟ್ರಂಕ್ಯುಲಿನ್ ಒಂದು ಹನಿಯೂ ಇಲ್ಲ. ಆದರೂ ಜರಿ ಮಾಸಿತ್ತು. ಕೋಶಗಳ ಬುಡದ ಕಡೆ ಪೊರೆ ಪೂರಿಯಂತೆ ಗುಳ್ಳೆಯೆದ್ದಿತ್ತು. ಆ ನಳಿಗೆಯ ಅಮೈಲೇಸ್ ಕೂಡ ಇಳಿದಿತ್ತು. ಇಲಿಗಳಿಗೆ ಈ ಹಾರ್ಮೋನಿನಂತೆಯೇ ಕೆಲಸ ಮಾಡುವ ಸೆರುಲಿನ್ ಅನ್ನು ಗಂಟೆಗೊಮ್ಮೆ ಅತಿಯಾಗಿ ಚುಚ್ಚಿ ಗ್ರಂಥಿಗೆ ಉರಿಯೂತ ಬರಿಸುವ ಪ್ರಯೋಗವನ್ನು ವರ್ಷಗಳಿಂದ ನೋಡಿದ್ದೆ. ಅದರ ಮೊದಲ ಗುಳ್ಳೆಯನ್ನು ಇಷ್ಟು ಹತ್ತಿರದಿಂದ ಕಂಡದ್ದು ಅಂದೇ.