ಬೋಟ್ ಓಡಿಸ್ತೀರಾ? ಮೊದಲು ಆ ಕೆಂಪು ದಾರ ಸಿಕ್ಕಿಸಿಕೊಳ್ಳಿ

ಅಮೆರಿಕದಲ್ಲಿರುವ ನಮ್ಮವರು ಬೇಸಿಗೆ ಬಂತೆಂದರೆ ನಾಲ್ಕು ಮನೆಯವರು ಸೇರಿ ಜಾರ್ಜಿಯಾದ ಲೇಕ್ ಲನಿಯರ್‌ನಂಥ ಕಡೆ ಬೋಟ್ ಬಾಡಿಗೆಗೆ ತಗೊಳ್ಳುತ್ತಾರೆ. ಬಾಡಿಗೆ ಕೊಡುವವರು ಗಡಿಬಿಡಿಯಲ್ಲಿ ಏನೋ ಹೇಳುತ್ತಾರೆ, ನಾವು ತಲೆಯಾಡಿಸಿ ಸಹಿ ಹಾಕಿ ಹೊರಡುತ್ತೇವೆ. ಸ್ಟೀರಿಂಗ್ ಪಕ್ಕದ ಕೆಂಪು ದಾರ ಮಾತ್ರ ಅಲ್ಲೇ ನೇತಾಡುತ್ತಿರುತ್ತದೆ. ಅದು ಇರಬೇಕಾದ್ದು ಓಡಿಸುವವರ ಮೈಮೇಲೆ.

ಹಳೇ ಲ್ಯಾಂಡ್‌ಲೈನ್ ಫೋನಿನ ವೈರಿನಂತೆ ಸುರುಳಿ ಸುರುಳಿಯಾಗಿರುವ ಈ ಲ್ಯಾನ್ಯಾರ್ಡ್‌ನ ಒಂದು ತುದಿಯಲ್ಲಿ ಪ್ಲಾಸ್ಟಿಕ್ ಕ್ಲಿಪ್ ಇರುತ್ತದೆ. ಅದು ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿಗೆ. ಇನ್ನೊಂದು ತುದಿ ನಿಮಗೆ. ನೀವು ನೀರಿಗೆ ಬಿದ್ದರೆ, ಅಥವಾ ಅಲೆಗೆ ಎಗರಿ ಸೀಟಿನಿಂದ ದೂರ ಹೋದರೆ, ಕ್ಲಿಪ್ ಕಿತ್ತು ಬಂದು ಎಂಜಿನ್ ಆಫ್ ಆಗುತ್ತದೆ. ಅಷ್ಟೇ.

ಬಿದ್ದರೆ ಈಜಿಕೊಂಡು ಹೋಗ್ತೀನಿ ಅನ್ನಬೇಡಿ. ಸ್ಟೀರಿಂಗ್ ಹಿಡಿಯುವವರಿಲ್ಲದ ಬೋಟ್ ಎಷ್ಟೋ ಸಲ ನೇರ ಹೋಗುವುದಿಲ್ಲ, ಒಂದೇ ಕಡೆ ತಿರುಗಿ ಸುತ್ತು ಹಾಕುತ್ತಾ ಬಿದ್ದವರ ಮೇಲೇ ವಾಪಸ್ ಬರುತ್ತದೆ. ಮೂರು ಅಲಗಿನ ಪ್ರೊಪೆಲ್ಲರ್ ನಿಮಿಷಕ್ಕೆ 3200 ಸುತ್ತು ತಿರುಗಿದರೆ ಸೆಕೆಂಡಿಗೆ 160 ಏಟು, ಲೆಕ್ಕ ನೀವೇ ಹಾಕಿ ನೋಡಿ. 2013ರ ಮೇನಲ್ಲಿ ಇಂಗ್ಲೆಂಡಿನ ಪ್ಯಾಡ್‌ಸ್ಟೊ ಹತ್ತಿರ ಇದೇ ಆಯಿತು. ಒಂದೇ ಮನೆಯ ಆರು ಜನ ಸ್ಪೀಡ್‌ಬೋಟಿನಿಂದ ನೀರಿಗೆ ಬಿದ್ದರು, ಖಾಲಿ ಬೋಟ್ ಸುತ್ತಿ ಬಂದು ಅವರ ಮೇಲೆ ಹರಿಯಿತು. ಇಬ್ಬರು ಹೋಗಿಬಿಟ್ಟರು. ಬೋಟಿನಲ್ಲಿ ದಾರ ಇತ್ತು, ಓಡಿಸುವವರಿಗೆ ಸಿಕ್ಕಿಸಿರಲಿಲ್ಲ.

ಹಾಕಿಕೊಳ್ಳುವುದು ಎಲ್ಲಿಗೆ? ತೊಡೆಗೆ ಒಂದು ಸುತ್ತು ಹಾಕಿ ದಾರಕ್ಕೇ ಕ್ಲಿಪ್ ಮಾಡಿದರೆ ಒಳ್ಳೆಯದು. ಲೈಫ್ ಜಾಕೆಟ್‌ನ ಗಟ್ಟಿ ರಿಂಗಿಗಾದರೂ ಸರಿ. ಮಣಿಕಟ್ಟಿಗೂ ಹಾಕುತ್ತಾರೆ, ಆದರೆ ಸ್ಟೀರಿಂಗ್ ತಿರುಗಿಸುವಾಗ ಸುತ್ತಿಕೊಳ್ಳುತ್ತದೆ, ನನಗಂತೂ ಇಷ್ಟವಿಲ್ಲ. ಶಾರ್ಟ್ಸ್‌ನ ಜೇಬು, ಬೆಲ್ಟ್ ಲೂಪ್ ಬೇಡವೇ ಬೇಡ. ಜಗ್ಗಿದರೆ ಕಿತ್ತು ಬರುವುದು ಬಟ್ಟೆ, ಕ್ಲಿಪ್ ಅಲ್ಲ.

ಸಿಕ್ಕಿಸಿಕೊಂಡ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಥ್ರಾಟಲ್‌ಗೆ ಕೈ ಚಾಚಿ ನೋಡಿ. ದಾರ ಎಲ್ಲೂ ಸಿಕ್ಕಿಕೊಳ್ಳಬಾರದು. ಆಮೇಲೆ ದಡದಲ್ಲೇ, ಬೋಟ್ ಕಟ್ಟಿರುವಾಗಲೇ, ಎಂಜಿನ್ ಶುರು ಮಾಡಿ ನ್ಯೂಟ್ರಲ್‌ನಲ್ಲಿಟ್ಟು ದಾರ ಎಳೆಯಿರಿ. ತಕ್ಷಣ ನಿಲ್ಲಬೇಕು. ನಿಲ್ಲದಿದ್ದರೆ ಆ ಬೋಟ್ ಬೇಡ, ಬೇರೆ ಕೇಳಿ. ಬಿಸಿಲಿಗೆ ಸುರುಳಿ ಸಡಿಲವಾಗಿದ್ದರೆ, ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದರೆ ಹೊಸದು ಕೊಡಿ ಅನ್ನಿ.

ಇನ್ನೊಂದು ದಾರವೂ ಬೋಟಿನಲ್ಲಿ ಇರಲೇಬೇಕು, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ನೀವು ದಾರದ ಸಮೇತ ನೀರಿಗೆ ಬಿದ್ದರೆ ಬೋಟಿನಲ್ಲಿ ಉಳಿದವರು ಎಂಜಿನ್ ಶುರು ಮಾಡುವುದು ಹೇಗೆ? ಅದು ಎಲ್ಲಿದೆ, ಹೇಗೆ ಹಾಕುವುದು ಅಂತ ಹೊರಡುವ ಮುಂಚೆ ಒಬ್ಬರಿಗಾದರೂ ತೋರಿಸಿ. ಬಿದ್ದವರ ಹತ್ತಿರ ಬಂದ ಕೂಡಲೇ ಎಂಜಿನ್ ಆಫ್ ಮಾಡಬೇಕು ಅಂತಲೂ ಹೇಳಿ.

"ಒಂದ್ನಿಮಿಷ ನಾನು ಓಡಿಸ್ತೀನಿ ಕೊಡೋ" ಅನ್ನುವ ಭಾವಮೈದ ಎಲ್ಲ ಬೋಟಿನಲ್ಲೂ ಇರುತ್ತಾನೆ, ಅಲ್ವಾ? ಕೊಡಿ, ಆದರೆ ಎಂಜಿನ್ ನಿಲ್ಲಿಸಿ, ದಾರ ಅವನಿಗೆ ಹಾಕಿ, ಆಮೇಲೆ.

ಅಮೆರಿಕದಲ್ಲಿ ಇದು 2021ರ ಏಪ್ರಿಲ್ 1ರಿಂದ ಫೆಡರಲ್ ಕಾನೂನು ಕೂಡ. 26 ಅಡಿಗಿಂತ ಚಿಕ್ಕ, 3 ಅಶ್ವಶಕ್ತಿ ಅಥವಾ ಹೆಚ್ಚಿನ ಎಂಜಿನ್‌ನ, ಕಿಲ್ ಸ್ವಿಚ್ ಇರುವ ಬೋಟ್ ಮೂತಿ ಎತ್ತಿ ನೀರಿನ ಮೇಲೆ ಜಾರುವಷ್ಟು ಜೋರಾಗಿ ಹೋಗುವಾಗ ಹಾಕಿರಲೇಬೇಕು. ಮೊದಲ ಸಲದ ದಂಡ 100 ಡಾಲರ್. ದಡಕ್ಕೆ ನಿಲ್ಲಿಸುವಾಗ, ನಿಧಾನಕ್ಕೆ ಹೋಗುವಾಗ ವಿನಾಯಿತಿ ಇದೆ. ದಾರದ ಬದಲು ವೈರ್‌ಲೆಸ್ ಬಿಲ್ಲೆಯೂ ನಡೆಯುತ್ತದೆ, ಅದು ನೀರಲ್ಲಿ ಮುಳುಗಿದರೆ ಸಿಗ್ನಲ್ ಹೋಗಿ ಎಂಜಿನ್ ನಿಲ್ಲುತ್ತದೆ. ಬ್ಯಾಟರಿ ನೋಡಿಕೊಳ್ಳಿ.

ಇನ್ನು ಕೆರೆಯ ಮಧ್ಯೆ ಎಂಜಿನ್ ಸ್ಟಾರ್ಟೇ ಆಗುತ್ತಿಲ್ಲ ಅಂದರೆ ಗಾಬರಿಯಿಂದ ಬಾಡಿಗೆಯವರಿಗೆ ಫೋನ್ ಮಾಡುವ ಮುಂಚೆ ಕ್ಲಿಪ್ ಸ್ವಿಚ್ಚಿನಲ್ಲಿ ಇದೆಯಾ ನೋಡಿ. ಮುಕ್ಕಾಲು ಪಾಲು ಅದೇ ಬಿದ್ದಿರುತ್ತದೆ.